ಜೂನ್ ಒಂದರಂದು ಹುಟ್ಟಿದವನು

ಕಂತು ಒಂಬತ್ತು

"ಲೀಲಾಕ್ಷಿಬಾಯಿ, ಆ ಆರತಿ ಸ್ವಲ್ಪ ತಡೀರಿ."

ತಟ್ಟೆ ಅರ್ಧ ಸುತ್ತಿಗೇ ನಿಂತಿತು. ಪುಣೆ ಹತ್ತಿರದ ನಿಗಡಿಯ ಆ ಮೂರನೇ ಮಹಡಿಯ ಮನೆಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ರಂಗೂಬಾಯಿ ಹೊಸಿಲ ಹೊರಗೆ ಚಪ್ಪಲಿ ಬಿಟ್ಟಳು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ಯಾರಾದರೂ ಕೂಡ್ರಿ ಅನ್ನುವ ಮೊದಲೇ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಐವತ್ತೆಂಟು ವರ್ಷದ ಮೊಣಕಾಲಿಗೆ ಮೂರು ಮಹಡಿ ಅಂದರೆ ಸುಮ್ಮನಲ್ಲ.

ಮದುವೆಗೆ ಮುಂಚೆ ವರನ ಮನೆತನ, ನೌಕರಿ, ನಡತೆ ವಿಚಾರಿಸಿ ಹೇಳುವುದು ಅವಳ ಕೆಲಸ. ಈ ಮನೆಯ ವರನ ಜಾತಕ ಕಂಡು ಸಂಶಯ ಬಂದು ನಿನ್ನೆ ಅವನ ಊರು ದೌಂಡಕ್ಕೆ ಹೋಗಿ ಬಂದಿದ್ದಳು.

ವರ ಎದುರಿಗೇ ಇದ್ದ. ಶ್ಯಾಮ ಗಲಗಲಿ, ಆಕುರ್ಡಿಯ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಮಣೆಯ ಮೇಲೆ ಕೂತಿದ್ದ, ಹಣೆಯಲ್ಲಿ ಕುಂಕುಮ, ತಲೆಯಲ್ಲಿ ನಾಲ್ಕು ಅಕ್ಷತೆ ಕಾಳು. ಆರತಿ ತಟ್ಟೆ ಹಿಡಿದು ನಿಂತಿದ್ದ ಲೀಲಾಕ್ಷಿ ಗುರುವಾರಕ್ಕೆ ಅವನ ಅತ್ತೆಯಾಗಬೇಕಾದವಳು. ಮಾವನಾಗಬೇಕಾದ ರಾಘಣ್ಣ ಸೋಫಾದ ಮೇಲೆ, ಮಡಿಲಲ್ಲಿ ಲಗ್ನಪತ್ರಿಕೆಗಳ ಕಟ್ಟು. ಮಗಳು ನೀಲಿಮಾ ಅಡುಗೆಮನೆಯ ಬಾಗಿಲಲ್ಲಿ.

"ಯಾಕ್ರಿ ರಂಗೂಬಾಯಿ, ಏನಾತು?" ರಾಘಣ್ಣ ಕೇಳಿದ. "ಹುಡುಗನ ಹುಟ್ಟುಹಬ್ಬ ಇವತ್ತು. ತಾಯಿ ಇಲ್ಲದ ಹುಡುಗ, ನಾವಾದರೂ ಆರತಿ ಎತ್ತೂಣು ಅಂತ ಕರೆಸಿದ್ವಿ."

"ಚಲೋ ಮಾಡೀರಿ. ಇವತ್ತು ಇವರ ಹುಟ್ಟುಹಬ್ಬ ಅಂತ ಯಾರು ಹೇಳಿದ್ರು?"

ಶ್ಯಾಮ ನಕ್ಕ. ನಗು ಚೆನ್ನಾಗಿತ್ತು. "ಮಾವಶಿ, ಇಡೀ ಕಂಪನಿಗೆ ಗೊತ್ತದ. ಮಧ್ಯಾಹ್ನ ಕ್ಯಾಂಟೀನಿನ್ಯಾಗ ಕೇಕ್ ಕತ್ತರಿಸಿ ಬಂದೀನಿ. ಏಳು ಮಂದಿ, ಒಂದೇ ಕೇಕು, ಒಂದೇ ಚಾಕು."

"ಏಳೂ ಮಂದಿ ಜೂನ್ ಒಂದಕ್ಕ ಹುಟ್ಟಿದವರು?"

"ಏಳೂ ಮಂದಿ."

"ನಮ್ಮ ಬ್ಯಾಂಕಿನ್ಯಾಗೂ ಹಂಗೇರಿ," ರಾಘಣ್ಣ ನಡುವೆ ಬಾಯಿ ಹಾಕಿದ. "ಮೊನ್ನೆ ಶನಿವಾರ ನಾಲ್ಕು ಮಂದಿ ಒಮ್ಮೆಗೇ ರಿಟೈರ್ ಆದರು. ಒಂದ ಸ್ಟೇಜು, ಒಂದ ಭಾಷಣ, ನಾಲ್ಕು ಶಾಲು. ಮ್ಯಾನೇಜರ್ ಸಾಹೇಬರಿಗೆ ಯಾರ ಗುಣ ಯಾರಿಗೆ ಹೇಳಿದೆ ಅಂತ ತಿಳೀಲಿಲ್ಲ. ನಂದೂ ಜೂನ್ ಒಂದೇ."

ರಂಗೂಬಾಯಿಗೆ ಬೆಳಗಿನದು ನೆನಪಾಯಿತು. ಏಳು ಗಂಟೆಗೆ ಅವಳು ಪುಣೆ ಸ್ಟೇಷನ್ನಿನಲ್ಲಿ ದೌಂಡದಿಂದ ಬರುವ ಶಟಲ್ಲಿಗೆ ಕಾಯುತ್ತಿದ್ದಳು. ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಡೆಕ್ಕನ್ ಕ್ವೀನ್ ಗಾಡಿಗೆ ಚೆಂಡುಹೂವಿನ ಮಾಲೆ ಹಾಕಿ, ಮೇಜಿನ ಮೇಲೆ ಕೇಕು ಇಟ್ಟು, ದಿನಾ ಮುಂಬಯಿಗೆ ಹೋಗುವ ಪಾಸಿನವರೆಲ್ಲ ಸೇರಿ ಅದರ ಹುಟ್ಟುಹಬ್ಬ ಮಾಡುತ್ತಿದ್ದರು. ಸ್ಟೇಷನ್ನಿನ ಹೊರಗೆ ಎಸ್.ಟಿ. ಬಸ್ಸುಗಳಿಗೂ ಮಾವಿನ ತೋರಣ, ಎಸ್.ಟಿ. ಸುರುವಾಗಿ ಇವತ್ತಿಗೆ ಐವತ್ತು ವರ್ಷ. ರೈಲಿಗೂ ಇವತ್ತೇ, ಬಸ್ಸಿಗೂ ಇವತ್ತೇ. ಅವೆರಡು ಮಾತ್ರ ಖರೇ ಜೂನ್ ಒಂದಕ್ಕೆ ಹುಟ್ಟಿದವು ಅಂತ ಅವಳಿಗೆ ಅನಿಸಿತ್ತು. ಮನುಷ್ಯರದು ಮಾಸ್ತರರ ಕೆಲಸ.

"ರಾಘಣ್ಣ, ಜೂನ್ ಒಂದು ನಿಮ್ಮ ಬ್ಯಾಂಕಿನ ತಾರೀಖು. ನೀವು ಖರೇ ಹುಟ್ಟಿದ್ದು ಯಾವಾಗ?"

"ಸೀಗಿ ಹುಣ್ಣಿವಿ ಮರುದಿನ. ನಮ್ಮವ್ವ ಹೇಳ್ತಿದ್ಲು, ಹೊಲಕ್ಕ ಚರಗ ಚೆಲ್ಲಿ ಬಂದು ರಾತ್ರಿ ಬ್ಯಾನಿ ಸುರು ಆತು ಅಂತ."

"ಅವತ್ತೇ ನಾನು ಆರತಿ ಮಾಡೋದು," ಲೀಲಾಕ್ಷಿ ಹೇಳಿದಳು. "ಜೂನ್ ಒಂದಕ್ಕ ಬ್ಯಾಂಕಿನವರು ಒಂದು ಗುಲಾಬಿ ಕೊಡ್ತಾರ. ಅದನ್ನ ನಾನು ದೇವರಿಗೆ ಏರಸ್ತೀನಿ, ಅಷ್ಟ."

"ನಿಮ್ಮ ಯಜಮಾನರ ಜಾತಕ ಯಾವ ದಿನದ್ದು?"

"ಮತ್ತ್ಯಾವ ದಿನದ್ದು? ಹುಣ್ಣಿವಿ ಮರುದಿನದ್ದು. ಸಾಲಿ ತಾರೀಖಿನ ಮ್ಯಾಲ ಯಾರಾದರೂ ಜಾತಕ..."

ಲೀಲಾಕ್ಷಿ ಆರತಿ ತಟ್ಟೆಯನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟಳು.

ರಂಗೂಬಾಯಿ ಚೀಲದಿಂದ ಅರಿಸಿನ ಹಚ್ಚಿದ ಹಾಳೆಯೊಂದನ್ನು ತೆಗೆದು ಅದರ ಪಕ್ಕದಲ್ಲಿ ಹರಡಿದಳು. ಶ್ಯಾಮನ ಜಾತಕ. ಜನ್ಮ: ೧ ಜೂನ್ ೧೯೬೯. ವೇಳೆ: ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ದೌಂಡ.

ಹುಬ್ಬಳ್ಳಿಯಿಂದ ದೌಂಡದ ತನಕ ಯಾವ ಸಾಲಿಗೆ ಹೋದರೂ ಇದೇ ಕತೆ. ಅಪ್ಪ ಮಗನನ್ನು ಎಳೆದುಕೊಂಡು ಬರುತ್ತಾನೆ. ಮಾಸ್ತರರು ಹುಟ್ಟಿದ ತಾರೀಖು ಕೇಳುತ್ತಾರೆ. ಆ ವರ್ಷ ಜೋಳ ಚಲೋ ಬಂದಿದ್ದವು ಅನ್ನುತ್ತಾನೆ ಅಪ್ಪ. ಮಾಸ್ತರರು ಹುಡುಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟುತ್ತದೋ ನೋಡುತ್ತಾರೆ. ಮುಟ್ಟಿದರೆ ಆರು ವರ್ಷ. ಹಿಂದಕ್ಕೆ ಎಣಿಸಿ ಜೂನ್ ಒಂದು ಅಂತ ಬರೆದುಕೊಂಡು ಮುಂದಿನವನನ್ನು ಕರೆಯುತ್ತಾರೆ. ಆ ತಾರೀಖು ನೌಕರಿಗೆ ನಡೆಯುತ್ತದೆ, ರೇಶನ್ ಕಾರ್ಡಿಗೆ ನಡೆಯುತ್ತದೆ. ಆದರೆ ಜೋಯಿಸರ ಮುಂದೆ ಕೂತಾಗ ಹೆತ್ತವಳು ಬೇರೆ ದಿನ ಹೇಳುತ್ತಾಳೆ.

ಮೂವತ್ತು ವರ್ಷದಲ್ಲಿ ರಂಗೂಬಾಯಿ ನೋಡಿದ ಜಾತಕಗಳನ್ನು ಒಂದರ ಮೇಲೊಂದು ಇಟ್ಟರೆ ಅವಳ ಸೊಂಟದಷ್ಟಾಗುತ್ತಿತ್ತು. ಜೂನ್ ಒಂದರ ಜಾತಕ ಇದೇ ಮೊದಲು.

"ಜಗತ್ತಿನ್ಯಾಗ ಯಾರೂ ಖರೇ ಜೂನ್ ಒಂದಕ್ಕ ಹುಟ್ಟೇ ಇಲ್ಲೇನ್ರಿ?" ಶ್ಯಾಮ ಕೇಳಿದ. ನಗು ಇನ್ನೂ ಇತ್ತು.

"ಹುಟ್ಟಿರಬೇಕು. ನೀವು ಹುಟ್ಟೀರೇನು?"

"ಸಾಲಿ ಸರ್ಟಿಫಿಕೇಟಿನ್ಯಾಗ ಹಂಗದ. ನಾನು ನಾಲ್ಕು ವರ್ಷದವ ಇದ್ದಾಗ ಅವ್ವ ತೀರಿಕೊಂಡ್ಲು. ಆಮ್ಯಾಲ ಅಪ್ಪ. ಖರೇ ದಿನ ಯಾವುದು ಅಂತ ನನಗ ಯಾರು ಹೇಳಬೇಕಾಗಿತ್ತು, ಹೇಳ್ರಿ?"

ಉತ್ತರ ಸರಿಯಾಗಿತ್ತು. ಲೀಲಾಕ್ಷಿಯ ಕಣ್ಣು ಒದ್ದೆಯಾಯಿತು.

"ದಿನ ಯಾರೂ ಹೇಳಲಿಲ್ಲ. ಆರು ಗಂಟೆ ಹತ್ತು ನಿಮಿಷ ಅಂತ ಯಾರು ಹೇಳಿದ್ರು?"

ಶ್ಯಾಮ ಈಗ ನಗಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ.

"ನಾನ ಹೇಳಿದೆ, ಮಾವಶಿ," ನೀಲಿಮಾ ಅಂದಳು.

"ನೀ ಏನು ಹೇಳಿದಿ?" ರಾಘಣ್ಣ ಎದ್ದು ನಿಂತ. ಲಗ್ನಪತ್ರಿಕೆಗಳು ನೆಲಕ್ಕೆ ಚೆಲ್ಲಿದವು.

"ಆ ಜಾತಕ ನಾನ ಮಾಡಿಸಿದ್ದು, ಅಪ್ಪ. ಇವರ ಹತ್ತಿರ ಇರಲಿಲ್ಲ. ಜಾತಕ ಇಲ್ಲದ ಹುಡುಗನ್ನ ನೀ ಮನಿ ಮೆಟ್ಟಲ ಹತ್ತಲಿಕ್ಕೆ ಬಿಡ್ತಿದ್ದಿಲ್ಲ. ಇವರ ಸರ್ಟಿಫಿಕೇಟ್ ನೋಡಿ ತಾರೀಖು ಬರಕೊಂಡೆ. ವೇಳೆ ನಾನೇ ಹಾಕಿಸಿದೆ. ಮೂರು ವೇಳೆ ಹಾಕಿಸಿ ನೋಡಿದೆ. ಮೂರನೇದಕ್ಕ ಗುಣ ಕೂಡಿದ್ವು."

"ಇಪ್ಪತ್ತೆಂಟು ಗುಣ!" ರಾಘಣ್ಣನ ಧ್ವನಿ ಒಡೆಯಿತು. "ಇಪ್ಪತ್ತೆಂಟು ಗುಣ ಕೂಡ್ಯಾವ ಅಂತ ನಾ ಇಡೀ ಸೊಸೈಟಿಗೆ ಹೇಳಿಕೋತ ತಿರುಗೀನಿ!"

"ನನಗ ಏನು ಗೊತ್ತು ಅಪ್ಪ, ಮಾಸ್ತರರು ತಾರೀಖು ಮನಸಿಗೆ ಬಂದಂಗ ಬರೀತಾರ ಅಂತ? ನಾ ಪುಣೆದಾಗ ದವಾಖಾನಿಯಲ್ಲಿ ಹುಟ್ಟಿದವಳು. ನನ್ನ ಪಾಲಿಗೆ ತಾರೀಖು ಅಂದ್ರ ತಾರೀಖು."

ರಂಗೂಬಾಯಿ ವಾರದಿಂದ ಆ ಜಾತಕದ ಹಾಳೆಯನ್ನೇ ಹಿಡಿದುಕೊಂಡು ಓಡಾಡಿದ್ದಳು. ಅದನ್ನು ಬರೆಸಿದ್ದು ಇಪ್ಪತ್ತೈದು ವರ್ಷದ ಹುಡುಗಿ, ಅದೂ ಪ್ರೀತಿಗೆ. ಅವಳ ಮೇಲೆ ಸಿಟ್ಟು ಮಾಡುವುದು ರಂಗೂಬಾಯಿಯಿಂದ ಆಗಲಿಲ್ಲ. ತಾನೂ ಆ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ಹೇಳಿದವಳೇ.

"ಮುಗೀತಲ್ಲರಿ?" ರಾಘಣ್ಣ ಬಗ್ಗಿ ಪತ್ರಿಕೆ ಆರಿಸತೊಡಗಿದ. "ಇನ್ನೂರು ಮನೆಗೆ ಹಂಚಿ ಆಗೇದ. ಧಾರವಾಡದಿಂದ ಮಂದಿ ನಾಡಿದ್ದು ಗಾಡಿ ಹತ್ತತಾರ. ಜಾತಕದ್ದು ನಾ ಮಗಳ ಕೂಡ ಆಮ್ಯಾಲ ಮಾತಾಡ್ತೀನಿ. ಲೀಲಾ, ಆರತಿ ಮುಗಸು."

"ರಾಘಣ್ಣ, ಇನ್ನೊಂದು ಮಾತು ಉಳಿದದ."

"ಇನ್ನೂ ಏನು?"

ರಂಗೂಬಾಯಿ ಶ್ಯಾಮನ ಕಡೆ ತಿರುಗಿದಳು. "ನಿಮ್ಮ ತಾಯಿ ಹೆಸರೇನು?"

"ಕುಸುಮ."

"ತೀರಿಕೊಂಡಿದ್ದು?"

"ಎಪ್ಪತ್ತಮೂರರಾಗ."

"ದೌಂಡದಾಗೇ?"

"ಹೌದ್ರಿ, ದೌಂಡದಾಗೇ."

ಅವನು ತಡವರಿಸಲಿಲ್ಲ. ಹೆಸರೂ ಸರಿ, ಊರೂ ಸರಿ. ಸುಳ್ಳು ಹೇಳುವವರು ಸಾಮಾನ್ಯವಾಗಿ ಒಂದು ಗುಟುಕು ನೀರಿಗಾಗಿ ಅತ್ತ ಇತ್ತ ನೋಡುತ್ತಾರೆ. ಇವನು ಅದನ್ನೂ ಮಾಡಲಿಲ್ಲ. ಎಷ್ಟು ವರ್ಷದಿಂದ ಈ ಪಾಠ ಒಪ್ಪಿಸುತ್ತಿದ್ದಾನೋ ಅಂದುಕೊಂಡಳು ರಂಗೂಬಾಯಿ.

ನಿನ್ನೆ ಅವಳನ್ನು ದೌಂಡದ ಆ ಮನೆಗೆ ಕರೆದುಕೊಂಡು ಹೋದವರು ಏಕನಾಥರಾವ್. ದೌಂಡದಲ್ಲಿ ಹತ್ತೊಂಬತ್ತು ವರ್ಷ ಟಪಾಲು ಹಂಚಿ ನಿವೃತ್ತರಾದವರು. ಊರಿನ ಒಂದೊಂದು ಬಾಗಿಲಿನ ಬಣ್ಣವೂ ಅವರಿಗೆ ಗೊತ್ತು. ಜಾತಕದ ಮೇಲಿನ ಗಲಗಲಿ ಎನ್ನುವ ಹೆಸರು ಕಂಡಕೂಡಲೇ, "ಬಾಯಿ, ಆ ಮನೆಗೆ ನಾನು ಐದು ವರ್ಷ ಇಲ್ಲ, ಇಲ್ಲ ಅಂತ ಹೇಳಿದ್ದೇನೆ," ಅಂದಿದ್ದರು ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ. "ಸೈಕಲ್ ಗಂಟೆ ಕೇಳಿದ ಕೂಡಲೇ ಬಾಗಿಲಿಗೆ ಬರುತ್ತಿದ್ದರು. ಮಗನ ಪತ್ರ ಉಂಟಾ ಅಂತ. ಕೊನೆಗೆ ನಾನೇ ಆ ಗಲ್ಲಿಯಲ್ಲಿ ಗಂಟೆ ಬಾರಿಸುವುದು ಬಿಟ್ಟೆ."

ರೈಲ್ವೆ ಪಾರ್ಸೆಲ್ ಕ್ಲಾರ್ಕನ ಹೆಂಡತಿ ಕುಸುಮಬಾಯಿ ಗಲಗಲಿ ಬದುಕಿದ್ದಳು. ಗಂಡ ಸತ್ತು ಹತ್ತು ವರ್ಷವಾಗಿತ್ತು. ಮಗ ಶ್ಯಾಮ ಸೋಲಾಪುರದಲ್ಲಿ ಡಿಪ್ಲೊಮಾ ಮುಗಿಸಿ, ತೊಂಬತ್ಮೂರರ ಆಷಾಢದಲ್ಲಿ ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಆಕುರ್ಡಿಗೆ ಇಂಟರ್‌ವ್ಯೂಗೆ ಅಂತ ಹೋದ. ಮತ್ತೆ ಬರಲಿಲ್ಲ.

"ಅವ ಹುಟ್ಟಿದ್ದು ಗೋಕುಲಾಷ್ಟಮಿ ದಿನ," ಅಂದಿದ್ದಳು ಕುಸುಮಬಾಯಿ. "ಅದಕ್ಕ ಶ್ಯಾಮ ಅಂತ ಇಟ್ವಿ. ಸಾಲಿಗೆ ಹಾಕಲಿಕ್ಕೆ ಮೂರು ತಿಂಗಳು ಕಡಿಮಿ ಬಿತ್ತು. ಮಾಸ್ತರರು, ಇರಲಿ ಬಿಡ್ರಿ ಬಾಯಿ, ಅಂತ ಜೂನ್ ಒಂದು ಬರಕೊಂಡ್ರು."

ಗೋಡೆಯ ಮೇಲೆ ಇಪ್ಪತ್ತಮೂರರ ಹುಡುಗನ ಫೋಟೋ ಇತ್ತು. ರಂಗೂಬಾಯಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಐದು ವರ್ಷದಲ್ಲಿ ಮನುಷ್ಯ ದಪ್ಪಗಾಗಬಹುದು, ತಲೆಗೂದಲು ಉದುರಬಹುದು. ಕಿವಿ ಬದಲಾಗುವುದಿಲ್ಲ. ಫೋಟೋದ ಹುಡುಗನ ಕಿವಿಯ ಹಾಲೆಗಳು ಕೆನ್ನೆಗೆ ಅಂಟಿಕೊಂಡಿದ್ದವು. ಮಣೆಯ ಮೇಲೆ ಕೂತವನವು ಬಿಡಿಬಿಡಿಯಾಗಿ ಜೋತಾಡುತ್ತಿದ್ದವು.

"ಏಕನಾಥರಾವ್," ರಂಗೂಬಾಯಿ ಬಾಗಿಲ ಕಡೆ ಕೂಗಿದಳು. "ಆತಾ ಯಾ, ಈಗ ಬರ್ರಿ."

"ಆಲೋ, ಬಾಯಿ."

ಏಕನಾಥರಾವ್ ಮೊದಲು ಬಂದರು. ಅವರ ಹಿಂದೆ, ಕಠಡಾದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರಿ ಬಂದವಳು ಸಣ್ಣ ದೇಹದ ಹೆಂಗಸು. ಬೂದಿ ಬಣ್ಣದ ನೂಲಿನ ಸೀರೆ, ದಪ್ಪ ಕನ್ನಡಕ. ಹೊಸಿಲ ಮೇಲೆ ನಿಂತು ಉಸಿರು ಹಿಡಿದುಕೊಂಡಳು.

"ಇವರು ಕುಸುಮಬಾಯಿ ಗಲಗಲಿ," ರಂಗೂಬಾಯಿ ಹೇಳಿದಳು. "ದೌಂಡದವರು. ಬೆಳಗಿನ ಶಟಲ್ಲಿಗೆ ಬಂದ್ರು. ಹಗಲೆಲ್ಲಾ ನನ್ನ ಮನ್ಯಾಗ ಕೂತಿದ್ರು."

ಗೋಡೆಯ ಗಡಿಯಾರ ಆರಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಶ್ಯಾಮ ಮಣೆಯಿಂದ ಎದ್ದು ನಿಂತ. ಅವನ ಎರಡೂ ಕೈ ಪಕ್ಕದಲ್ಲಿ ಜೋತುಬಿದ್ದಿದ್ದವು. ಓಡಲು ಬಾಗಿಲು ಒಂದೇ, ಅಲ್ಲಿ ಏಕನಾಥರಾವ್ ನಿಂತಿದ್ದರು.

ಕುಸುಮಬಾಯಿ ನಡೆದು ಬಂದಳು. ಲಗ್ನಪತ್ರಿಕೆಗಳನ್ನು ತುಳಿಯದಂತೆ ಸುತ್ತು ಹಾಕಿ ಬಂದು ಅವನೆದುರು ನಿಂತಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಹಣೆ ನೋಡಿದಳು, ಮೂಗು ನೋಡಿದಳು, ಕಿವಿ ನೋಡಿದಳು.

ಆಮೇಲೆ ಅವನ ಗಲ್ಲ ಮುಟ್ಟಿದಳು.

"ಶ್ಯಾಮ," 	ಅಂದಳು. "ಭಾಳ ಸೊರಗೀಯಲ್ಲೋ."

ರಂಗೂಬಾಯಿ ಕುರ್ಚಿಯಿಂದ ಅರ್ಧ ಎದ್ದವಳು ಹಾಗೇ ಉಳಿದಳು.

"ಇವನೇ ನನ್ನ ಮಗ," ಕುಸುಮಬಾಯಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ನನ್ನ ಕೂಡ ಜಗಳಾಡಿ ಹ್ವಾದವ. ತಪ್ಪು ನಂದೇ ಇತ್ತು. ನೌಕರಿ ಬ್ಯಾಡ, ಇಲ್ಲೇ ಇರು ಅಂತ ಹಟ ಹಿಡದೆ. ಇವತ್ತಿಗೆ ನೀ ನನಗ ಸತ್ತಿ ಅಂತ ಅಂದು ಹ್ವಾದ. ಅದನ್ನ ಇಲ್ಲಿ ನಿಮಗೂ ಹೇಳ್ಯಾನ, ನೋಡ್ರಿ."

"ಕುಸುಮಬಾಯಿ!" ಅಂದಳು ರಂಗೂಬಾಯಿ. "ನಿನ್ನೆ ನೀವು..."

"ನಿನ್ನೆ ನನಗ ಸಿಟ್ಟಿತ್ತು ರಂಗೂಬಾಯಿ. ಏನೇನೋ ಅಂದೆ. ಮುಖ ನೋಡಿದ ಮ್ಯಾಲ ಸಿಟ್ಟು ಎಲ್ಲಿಂದ ಬರಬೇಕು?"

ಮುಳುಗುವವನ ಕೈಗೆ ಯಾರೋ ಹಗ್ಗ ಕೊಟ್ಟಿದ್ದರು. ಕೊಟ್ಟವರು ಯಾಕೆ ಕೊಟ್ಟರು ಅಂತ ಕೇಳುವ ಹೊತ್ತು ಅದಲ್ಲ. ಶ್ಯಾಮ ಬಗ್ಗಿ ಅವಳ ಕಾಲು ಮುಟ್ಟಿದ.

"ತಪ್ಪಾತು, ಅವ್ವಾ."

ಲೀಲಾಕ್ಷಿ ಅತ್ತೇ ಬಿಟ್ಟಳು. ರಾಘಣ್ಣ ಕೈ ಜೋಡಿಸಿದ. "ಬೀಗಿತಿಯವರ, ನಮ್ಮ ಪುಣ್ಯ ದೊಡ್ಡದು. ಮಗಳಿಗೆ ಅತ್ತಿ ಇಲ್ಲ ಅಂತ ಮರಮರ ಮರಗ್ತಿದ್ವಿ. ಲೀಲಾ, ಚಹಾ ಇಡು. ಅಲ್ಲಲ್ಲ, ಮೊದಲು ಆರತಿ."

"ತಾಯಿ ಬಂದಾರ, ಅವರೇ ಮಾಡ್ಲಿ," ಲೀಲಾಕ್ಷಿ ತಟ್ಟೆ ಚಾಚಿದಳು.

"ನೀವ ಮಾಡ್ರಿ," ಕುಸುಮಬಾಯಿ ತಟ್ಟೆಯನ್ನು ಮುಟ್ಟಲಿಲ್ಲ. "ನಾ ನೋಡ್ತೀನಿ."

ಆರತಿ ಮುಗಿಯಿತು. ತಾಯಿಯೇ ಒಪ್ಪಿದ ಮೇಲೆ ತಮ್ಮದೇನು ಅಂತ ಏಕನಾಥರಾವ್ ದೌಂಡದ ಗಾಡಿಗೆ ಹೊರಟುಹೋದರು. ಚಹಾ ಬಂತು. ರಂಗೂಬಾಯಿಗೂ ಒಂದು ಕಪ್ಪು ಕೊಟ್ಟರು, ಆದರೆ ಕೊಡುವಾಗ ಲೀಲಾಕ್ಷಿ ಅವಳ ಮುಖ ನೋಡಲಿಲ್ಲ. ರಂಗೂಬಾಯಿ ಚಹಾ ಕುಡಿಯುತ್ತ ಆ ಕಿವಿಗಳನ್ನೇ ನೋಡಿದಳು. ಬಿಡಿಬಿಡಿ ಹಾಲೆಗಳು. ತನ್ನ ಕಣ್ಣು ಮೋಸ ಮಾಡಿಲ್ಲ. ಹಾಗಾದರೆ ಹೆತ್ತವಳು ಯಾಕೆ ಹೀಗಂದಳು? ಬೆದರಿಸಿದ್ದಾರೆ ಅನ್ನೋಣ ಅಂದರೆ, ಹಗಲೆಲ್ಲಾ ಅವಳು ತನ್ನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಯಾರೂ ಬಂದಿಲ್ಲ, ಯಾರೂ ಫೋನ್ ಮಾಡಿಲ್ಲ.

"ರೇಣು ನಿನ್ನ ನೆನಪು ಭಾಳ ತಗೀತಾಳ," ಕುಸುಮಬಾಯಿ ಶ್ಯಾಮನಿಗೆ ಹೇಳುತ್ತಿದ್ದಳು. ತಟ್ಟೆಯಲ್ಲಿನ ಹೋಳಿಗೆ ಮುರಿದು ಅವನ ಕಡೆ ಸರಿಸಿದಳು. "ನಿನ್ನ ತಂಗಿ ಅಂದ್ರ ನಿನ್ನ ಜೀವ ಅಲ್ಲೇನು? ಆಕಿನ್ನಾದ್ರೂ ಮರತಿಯೋ, ನೆನಪದನೋ?"

"ಹೆಂಗ ಮರೀಲಿ, ಅವ್ವಾ?" ಶ್ಯಾಮ ಹೇಳಿದ. "ಈಗ ಎಲ್ಲಿದ್ದಾಳ ರೇಣು?"

"ಬಾರಾಮತಿಗೆ ಕೊಟ್ಟೀವಿ. ಎರಡು ಮಕ್ಕಳು."

"ಛಂದಾತು. ನಾ ಹೋಗುವಾಗ ಸಣ್ಣಾಕಿ ಇದ್ಲು."

"ಹೌದೋ. ಸಣ್ಣಾಕಿ ಇದ್ಲು," ಅಂದಳು ಕುಸುಮಬಾಯಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. "ನಡಿ, ನಿನ್ನ ಖೋಲಿಗೆ ಹೋಗೂಣು."

"ಇಲ್ಲೇ ಇರ್ರಿ, ಮದುವಿ ತನಕ," ರಾಘಣ್ಣ ಅಂದ.

"ಬ್ಯಾಡ್ರಿ. ಗುರುವಾರದಿಂದ ಅವ ನಿಮ್ಮವ. ಅಲ್ಲೀತನ ನನ್ನ ಹಂತೇಕ ಇರ್ಲಿ. ಐದು ವರ್ಷದ ಮಾತದ. ಒಂದು ನಿಮಿಷ ಬಿಟ್ಟಿರಾಂಗಿಲ್ಲ ನಾ."

"ಖೋಲಿ ಭಾಳ ಸಣ್ಣದು, ಅವ್ವಾ. ಇನ್ನಿಬ್ಬರು ಪಾರ್ಟ್‌ನರ್ ಇದ್ದಾರ."

"ಮೂಲ್ಯಾಗ ಮಲಗ್ತೀನಿ."

ಶ್ಯಾಮನ ಮುಖದಲ್ಲಿ ಬಣ್ಣ ಇಳಿದದ್ದನ್ನು ರಂಗೂಬಾಯಿ ನೋಡಿದಳು. ತಾಯಿ ಅಲ್ಲ ಅಂದಿದ್ದರೆ ಅವನಿಗೆ ವಾದ ಮಾಡಲಿಕ್ಕಿತ್ತು, ಕೂಗಾಡಲಿಕ್ಕಿತ್ತು. ತಾಯಿ ಹೌದು ಅಂದ ಮೇಲೆ ಬ್ಯಾಡ ಅನ್ನಲಿಕ್ಕೆ ದಾರಿಯೇ ಇರಲಿಲ್ಲ.

"ರಿಕ್ಷಾ ನೋಡ್ತೀನಿ," ಅಂದು ಅವನು ಕೆಳಗಿಳಿದ.

ರಾಘಣ್ಣ ರಂಗೂಬಾಯಿಯ ಹತ್ತಿರ ಬಂದು ಧ್ವನಿ ತಗ್ಗಿಸಿದ. "ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನೀವು ಹುಡುಕಲಿಲ್ಲ ಅಂದ್ರ ತಾಯಿ ಮಗ ಕೂಡ್ತಿದ್ದಿಲ್ಲ. ಆದ್ರ ನಿಮ್ಮ ವಿಚಾರಣೆ ಇಲ್ಲಿಗೆ ಮುಗೀತ್ರಿ. ಇನ್ನ ಮ್ಯಾಲ ಒಂದು ಮಾತೂ ಬ್ಯಾಡ. ನನ್ನ ಮಗಳ ಮದುವಿ ಅದು."

ರಂಗೂಬಾಯಿ ತಲೆ ಆಡಿಸಿದಳು. ಹೆತ್ತವಳೇ ಒಪ್ಪಿದ ಮೇಲೆ ಕಿವಿ ಹಾಲೆಯ ಸಾಕ್ಷಿ ಯಾರು ಕೇಳುತ್ತಾರೆ?

ಹೊಸಿಲ ಹೊರಗೆ ಕುಸುಮಬಾಯಿ ಚಪ್ಪಲಿ ಮೆಟ್ಟುತ್ತಿದ್ದಳು. ಬಗ್ಗಲಿಕ್ಕಾಗದೆ ಆಸರೆಗೆ ಕೈ ಚಾಚಿದಳು. ರಂಗೂಬಾಯಿ ಭುಜ ಕೊಟ್ಟಳು. ಒಳಗೆ ಲೀಲಾಕ್ಷಿ ಬೀಗಿತಿಗೆ ಕೊಡಲು ಸೀರೆ ಹುಡುಕುತ್ತಿದ್ದಳು. ಮೆಟ್ಟಿಲ ಹತ್ತಿರ ಬೇರೆ ಯಾರೂ ಇರಲಿಲ್ಲ.

"ನನಗ ಹೆಣ್ಣು ಮಗು ಹುಟ್ಟೇ ಇಲ್ಲ, ರಂಗೂಬಾಯಿ," ಕುಸುಮಬಾಯಿ ಅವಳ ಕಿವಿಯ ಹತ್ತಿರ ಹೇಳಿದಳು. "ಶ್ಯಾಮ ಒಬ್ಬನ."

ರಂಗೂಬಾಯಿಯ ಕೈ ಅವಳ ರಟ್ಟೆಯನ್ನು ಹಿಡಿದುಕೊಂಡಿತು. "ಮತ್ತ ಯಾಕ ಹಂಗಂದ್ರಿ? ಈಗ ಒಳಗ ನಡೀರಿ. ರಾಘಣ್ಣನ ಮುಂದ ಇದನ್ನ ಹೇಳೂಣು."

"ಹೇಳಿದ್ರ ಏನಾಗ್ತದ? ಪೊಲೀಸರು ಬರ್ತಾರ. ಇವ ವಕೀಲನ ಹಿಡೀತಾನ. ನನ್ನ ಮಗ ಎಲ್ಲಿದ್ದಾನ ಅಂತ ಇವನ ಬಾಯಿ ಬಿಡಸವರು ಯಾರು? ಆ ಕಾಗದ ನನ್ನ ಮಗನ ಕೈಯಿಂದ ಇವನ ಕೈಗೆ ಹೆಂಗ ಬಂದ್ವು? ನನ್ನ ಹೆಸರು ಹೇಳ್ಯಾನ, ಊರು ಹೇಳ್ಯಾನ. ಶ್ಯಾಮ ಇವನ ಹತ್ತಿರ ಕೂತು ಮಾತಾಡ್ಯಾನ. ಅದು ಎಲ್ಲಿ, ಯಾವಾಗ, ಆಮ್ಯಾಲ ಏನಾತು, ಅಷ್ಟು ನನಗ ಬೇಕು."

"ಅವನ ಕೂಡ ಒಬ್ಬರ ಹೋಗಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ."

"ಐದು ವರ್ಷ ಬಾಗಲದಾಗ ನಿಂತೀನಿ. ಸಾಕಾಗೇದ." ಕುಸುಮಬಾಯಿ ಅವಳ ಬೆರಳುಗಳನ್ನು ಒಂದೊಂದಾಗಿ ತನ್ನ ರಟ್ಟೆಯಿಂದ ಬಿಡಿಸಿದಳು. "ಮೂರು ದಿನ ನೀವು ಸುಮ್ಮನಿರ್ರಿ. ಗುರುವಾರ ಮುಹೂರ್ತಕ್ಕ ಮೊದಲು ನಾ ಬಂದು ಹೇಳ್ತೀನಿ. ಆ ಹುಡುಗಿ ಕೊರಳಿಗೆ ತಾಳಿ ಬೀಳಾಂಗಿಲ್ಲ. ಅದು ನನಗ ಬಿಡ್ರಿ."

ಕೆಳಗಿನಿಂದ, "ಅವ್ವಾ, ರಿಕ್ಷಾ ಬಂತು," ಅಂತ ಶ್ಯಾಮನ ದನಿ ಬಂತು.

ಕುಸುಮಬಾಯಿ ಕಠಡಾ ಹಿಡಿದು ಇಳಿಯತೊಡಗಿದಳು. ಸೀರೆಯ ತಟ್ಟೆ ಹಿಡಿದು ಬಂದ ಲೀಲಾಕ್ಷಿಗೆ ಅವಳ ಬೆನ್ನು ಮಾತ್ರ ಕಂಡಿತು.

ರಂಗೂಬಾಯಿ ಗ್ಯಾಲರಿಗೆ ಬಂದಳು. ಕೂಗಲೋ ಬೇಡವೋ ತಿಳಿಯಲಿಲ್ಲ. ಕೂಗಿದರೆ ಕುಸುಮಬಾಯಿಯ ಐದು ವರ್ಷ ನೀರಿಗೆ ಹೋಗುತ್ತದೆ. ಇವನು ಇನ್ನು ಬಾಯಿ ಬಿಡುವುದಿಲ್ಲ. ಕೂಗದಿದ್ದರೆ, ಒಬ್ಬನ ಹೆಸರನ್ನೇ ನುಂಗಿ ಕೂತವನ ಜೊತೆ ಆ ಹೆಂಗಸು ಒಬ್ಬಳೇ ಹೋಗುತ್ತಾಳೆ.

ಕೆಳಗೆ ಶ್ಯಾಮ ಕುಸುಮಬಾಯಿಯ ಕೈ ಹಿಡಿದು ರಿಕ್ಷಾ ಹತ್ತಿಸಿದ. ಜಾಗ್ರತೆಯಿಂದಲೇ ಹತ್ತಿಸಿದ, ಸೀರೆಯ ನೆರಿಗೆ ಗಾಲಿಗೆ ಸಿಗದಂತೆ ಸರಿಸಿದ. ಆಮೇಲೆ ಡ್ರೈವರನ ಕಡೆ ಬಗ್ಗಿ ಏನೋ ಹೇಳಿದ. ಡ್ರೈವರ ಒಮ್ಮೆ ಹಿಂದೆ ತಿರುಗಿ ಮುದುಕಿಯನ್ನು ನೋಡಿ, ಹೆಗಲು ಹಾರಿಸಿ, ಮೀಟರಿನ ಕಿವಿ ತಿರುಗಿಸಿದ.

ರಿಕ್ಷಾ ಗೇಟು ದಾಟಿತು. ಹೆದ್ದಾರಿಯ ಮೂಲೆಯ ತನಕ ಗ್ಯಾಲರಿಯಿಂದ ಎಲ್ಲ ಕಾಣುತ್ತಿತ್ತು.

ನೀಲಿಮಾ ಬಂದು ಪಕ್ಕದಲ್ಲಿ ನಿಂತಳು. ಅವಳ ಕೈಯಲ್ಲಿ ಇನ್ನೂ ಹೋಳಿಗೆಯ ತಟ್ಟೆ ಇತ್ತು.

"ಮಾವಶಿ," ಅಂದಳು. "ನಾನು ಇವರ ಖೋಲಿ ನೋಡೀನಿ. ಆಕುರ್ಡ್ಯಾಗ ಅದ, ಸ್ಟೇಷನ್ ಹಂತೇಕ. ಪಾರ್ಟ್‌ನರ್ ಯಾರೂ ಇಲ್ಲ. ಒಬ್ಬರ ಇರ್ತಾರ."

"ಯಾರೂ ಇಲ್ಲ?"

"ಯಾರೂ ಇಲ್ಲ. ಮತ್ತ..." ನೀಲಿಮಾ ಕಟ್ಟೆಯ ಮೇಲೆ ಬಗ್ಗಿದಳು. ರಿಕ್ಷಾ ಹೆದ್ದಾರಿಗೆ ಸೇರಿ ಲಾರಿಗಳ ನಡುವೆ ನುಸುಳಿತ್ತು. "ಆಕುರ್ಡಿ ಈ ಕಡೆ ಅದ. ರಿಕ್ಷಾ ದೇಹೂ ರೋಡಿನ ಕಡೆ ಯಾಕ ಹೊಂಟದ, ಮಾವಶಿ?"